ಹೊರಗಿನ ಚಿಲಕ

ಮೇಕಪ್ಪಿನ ಹೆಂಗಸು ಫೋನು ಹಿಡಿದುಕೊಂಡು ರಂಗದ ಮೇಲೆ ಬಂದಾಗ ಅವಳು ಮಂಡಿಯೂರಿ ನೆಲಕ್ಕೆ ಬಣ್ಣದ ಟೇಪು ಅಂಟಿಸುತ್ತಿದ್ದಳು.

“ಅಕ್ಕಾ, ಎಡಗೈ ತೋಳು ಸ್ವಲ್ಪ ಮೇಲಕ್ಕೆ ಮಾಡ್ತೀರಾ? ಒಂದು ಫೋಟೋ ತಗೋಬೇಕು.”

“ಯಾಕೆ?”

“ಆ ಸುಟ್ಟ ಕಲೆ ಇದೆಯಲ್ಲ, ಅದನ್ನ ನೋಡ್ಕೊಂಡು ನಾಟಕದಲ್ಲಿ ಮಗ ಆಗಿರೋ ನಮ್ಮ ಕೊಕ್ಕರೆ ಕೈಗೆ ಹಾಗೇ ಮಾಡ್ಬೇಕಂತೆ. ನಿಮ್ಮಣ್ಣನೇ ಹೇಳಿದ್ರು. ನನ್ನ ತಂಗಿ ಕೈ ನೋಡ್ಕೋ, ಅಂಥ ಮಾದರಿ ಎಲ್ಲಿ ಹುಡುಕಿದ್ರೂ ಸಿಗಲ್ಲ ಅಂದ್ರು.”

ಕೆಲವರಿಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ, ಕೆಲವರಿಗೆ ನಾಲಗೆಯಲ್ಲಿ. ಅವಳಿಗೆ ಅವತ್ತು ಅದು ಮೊಣಕೈಯಿಂದ ಹೊರಟಿತು. ಮೂವತ್ತೈದು ವರ್ಷ ಹಳೆಯ ಕಲೆ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಈಗಷ್ಟೇ ಬಿಸಿನೀರು ಬಿದ್ದ ಹಾಗೆ ಚುರುಗುಟ್ಟಿತು. ಆದರೂ ತೋಳು ಮಡಿಚಿ ತೋರಿಸಿದಳು. ಮೇಕಪ್ಪಿನವಳು ಮೂರು ಫೋಟೋ ತೆಗೆದು, ಬೆಳಕು ಚೆನ್ನಾಗಿ ಬಿದ್ದಿದೆ ಎಂದು ಖುಷಿಪಟ್ಟು ಹೋದಳು. ಆ ಹೆಂಗಸಿನದೇನೂ ತಪ್ಪಿಲ್ಲ, ಹೇಳಿದ್ದನ್ನು ಮಾಡಿದಳು. ಇಪ್ಪತ್ತೆರಡು ವರ್ಷದಿಂದ ಇವಳೂ ಅದನ್ನೇ ತಾನೇ ಮಾಡಿಕೊಂಡು ಬಂದದ್ದು?

ಇವಳ ಕೆಲಸಕ್ಕೆ ಬ್ಲಾಕಿಂಗ್ ಅನ್ನುತ್ತಾರೆ. ನಟ ಯಾವ ಕಡೆಯಿಂದ ಒಳಗೆ ಬರಬೇಕು, ಎಷ್ಟು ಹೆಜ್ಜೆ ಹಾಕಬೇಕು, ಯಾವ ಮಾತಿಗೆ ತಿರುಗಬೇಕು, ಎಲ್ಲಿ ನಿಂತರೆ ಹಿಂದಿನವರ ಮುಖ ಮುಚ್ಚಿಹೋಗುವುದಿಲ್ಲ, ಇದನ್ನೆಲ್ಲ ಗೊತ್ತು ಮಾಡಿ ಪುಸ್ತಕದಲ್ಲಿ ಬರೆದಿಡುವುದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು, ಗುರುತು ಖಾಯಂ ಆದ ಮೇಲೆ ಟೇಪು ಅಂಟಿಸುವುದು. ಹೊತ್ತನ್ನು ಅವಳು ಎಣಿಕೆಯಲ್ಲಿ ಅಳೆಯುತ್ತಾಳೆ. ಒಂದು ಎಣಿಕೆಗೆ ಹೆಚ್ಚುಕಮ್ಮಿ ಒಂದು ಸೆಕೆಂಡು. ಗಡಿಯಾರ ತಪ್ಪಿದರೂ ಅವಳ ಎಣಿಕೆ ತಪ್ಪುವುದಿಲ್ಲ ಎಂದು ತಂಡದವರ ನಂಬಿಕೆ. ಬೆರಳಲ್ಲಿ ಸದಾ ಸುಣ್ಣದ ಪುಡಿ ಮೆತ್ತಿಕೊಂಡಿರುವ ಅವಳಿಗೆ ಅವರು ಇಟ್ಟ ಹೆಸರು ಸುಣ್ಣದಕ್ಕ. ಅಣ್ಣ ನಿರ್ದೇಶಕ. ಪತ್ರಿಕೆಯವರು ಅವನ ನಾಟಕಗಳ ಚಲನೆಯನ್ನು ಹೊಗಳಿ ಅರ್ಧ ಪುಟ ಬರೆಯುತ್ತಾರೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಗಾದೆ ಈ ತಂಡದಲ್ಲಿ ಹುಟ್ಟಿದ್ದಿರಬೇಕು.

ಅದಕ್ಕೆಲ್ಲ ಅವಳು ತಲೆ ಕೆಡಿಸಿಕೊಂಡವಳಲ್ಲ. ಅಣ್ಣನಿಗೆ ಅವಳು ಋಣಿ. ಆ ಋಣ ಏನೆಂದು ತಿಳಿಯಬೇಕಾದರೆ ಒಂದು ಮಧ್ಯಾಹ್ನದ ಕಥೆ ಹೇಳಬೇಕು.

ಅವಳಿಗೆ ಆಗ ಒಂಬತ್ತು, ಅಣ್ಣನಿಗೆ ಹದಿಮೂರು. ಅಮ್ಮ ಇಸ್ತ್ರಿ ಮಾಡುವಾಗ ಅಪ್ಪನ ಅಂಗಿಯ ಕಾಲರು ಕಂದಿತು. ಇಷ್ಟೇ. ಇಷ್ಟಕ್ಕೆ ಅಪ್ಪ ಅಡುಗೆಮನೆಗೆ ಬಂದು, ಎಲ್ಲರನ್ನೂ ಸುಟ್ಟುಹಾಕ್ತೀನಿ ಎಂದು ಕೂಗಿ, ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ಪಾತ್ರೆ ಎತ್ತಿ ಅಮ್ಮನ ಕಡೆ ಬೀಸಿದ. ಅವಳು ಮೇಜಿನ ಮೂಲೆಯಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದಳು. ಅಮ್ಮನಿಗೂ ಅವಳಿಗೂ ಒಂದೇ ಹೆಜ್ಜೆ. ಎದ್ದಳು, ಒಂದು ಹೆಜ್ಜೆ ಇಟ್ಟಳು, ಎಡಗೈ ಎತ್ತಿದಳು. ನೀರು ಕೈಯ ಮೇಲೆ ಬಿತ್ತು. ಅಮ್ಮನನ್ನು ಎಳೆದುಕೊಂಡು ಬಾಗಿಲಿಗೆ ಓಡಿದರೆ ಬಾಗಿಲು ಬರಲಿಲ್ಲ. ಎಷ್ಟು ಎಳೆದರೂ ಬರಲಿಲ್ಲ. ಹಿಂದಿನಿಂದ ಅಪ್ಪ ಅದೇ ಖಾಲಿ ಪಾತ್ರೆಯಿಂದ ಅಮ್ಮನ ತಲೆಗೆ ಹೊಡೆದ, ಮತ್ತೆ ಹೊಡೆದ. ಅಮ್ಮನ ಬಲಗಿವಿ ಅವತ್ತಿನಿಂದ ಸಾಯುವವರೆಗೂ ಕೇಳಲಿಲ್ಲ. ಯುಗವೊಂದು ಕಳೆದ ಮೇಲೆ ಧಡಾರನೆ ಬಾಗಿಲು ತೆರೆದುಕೊಂಡಿತು, ಅಣ್ಣ ಇಬ್ಬರನ್ನೂ ಹೊರಗೆಳೆದ.

ಬಿಗಿದುಕೊಂಡಿದ್ದ ಬಾಗಿಲನ್ನು ಹದಿಮೂರರ ಹುಡುಗ ಒದ್ದು ತೆಗೆದ ಎಂದು ನೆಂಟರಿಷ್ಟರು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು. ಆ ಬಾಗಿಲು ಮೊದಲಿನಿಂದಲೂ ಬಿಗಿ ಕಣೇ ಎಂದು ಅಮ್ಮನೂ ಹೇಳುತ್ತಿದ್ದಳು. ತನ್ನನ್ನೂ ಅಮ್ಮನನ್ನೂ ಉಳಿಸಿದವನು ಅಣ್ಣ, ಅದು ಅವಳ ಲೆಕ್ಕ. ಅದಕ್ಕೇ ಅವನು ತಂಡ ಕಟ್ಟಿದಾಗ ಬೇರೆ ಕೆಲಸ ಬಿಟ್ಟು ಬಂದಳು. ಅವನು ದಿನಕ್ಕೆ ಮೂರು ಸಲ ಮನಸ್ಸು ಬದಲಿಸಿದರೂ ಹಲ್ಲು ಕಚ್ಚಿಕೊಂಡು ಪುಸ್ತಕದಲ್ಲಿ ಅಳಿಸಿ ಬರೆದಳು.

ಅಪ್ಪ ಹೋಗಿ ಬಹಳ ಕಾಲವಾಗಿತ್ತು. ಎರಡು ವರ್ಷದ ಹಿಂದೆ ಅಮ್ಮನೂ ಹೋದಳು. ಅಮ್ಮ ಹೋದ ವರ್ಷಕ್ಕೆ ಅಣ್ಣ ಆ ಮಧ್ಯಾಹ್ನವನ್ನೇ ಇಟ್ಟುಕೊಂಡು ಈ ನಾಟಕ ಬರೆದ. ಮೊದಲ ಓದಿಗೆ ಎಲ್ಲರೂ ಸುತ್ತ ಕೂತಿದ್ದಾಗ ಅವಳು ತನ್ನ ಹೆಸರಿಗಾಗಿ ಅಲ್ಲ, ಒಬ್ಬ ಮಗಳ ಪಾತ್ರಕ್ಕಾಗಿ ಕಾದಳು. ತಾಯಿ ಬಂದಳು, ತಂದೆ ಬಂದ, ಮಗ ಬಂದ. ಮಗಳು ಬರಲಿಲ್ಲ. ಬಾಗಿಲು ನೂಕಿಕೊಂಡು ಬಂದು, ತಾಯಿಗೆ ಅಡ್ಡ ನಿಂತು, ಕೈ ಸುಟ್ಟುಕೊಳ್ಳುವವನು ಮಗ.

ಕೇಳಿದ್ದಕ್ಕೆ ಅಣ್ಣ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ್ದು ಇಷ್ಟು: “ಆ ಪಾತ್ರ ಬೇಡ ಅನ್ನಿಸ್ತು ಕಣೇ. ರಂಗ ಇಕ್ಕಟ್ಟಾಗುತ್ತೆ.”

ಅವತ್ತು ಪುಸ್ತಕ ತೆರೆದು ಮೂರೇ ಪಾತ್ರಗಳ ಪಟ್ಟಿ ಬರೆದುಕೊಂಡಳು. ಬಾಗಿಲು ತೆಗೆದವನಲ್ಲವೇ, ಇಷ್ಟು ತೆಗೆದುಕೊಳ್ಳಲಿ ಅಂದುಕೊಂಡಳು. ಈಗ ಕೈಯ ಕಲೆಯ ಫೋಟೋ ಕೂಡ ಅವನಿಗೇ ಬೇಕು.

ಸೆಟ್ಟಿನ ವಿಷಯದಲ್ಲಿ ಒಂದು ಸಣ್ಣ ಜಗಳ ಆಗಿತ್ತು. ಅಡುಗೆಮನೆಯನ್ನು ಇದ್ದ ಅಳತೆಯಲ್ಲೇ ಕಟ್ಟಬೇಕೆಂದು ಅಣ್ಣನ ಹಟ. ಹಳೇ ಮನೆಯ ನಕ್ಷೆ ತಂದು ಬಡಗಿಯ ಮುಂದೆ ಹಾಸಿದ. ಒಲೆ, ಮೇಜು, ಒಳಕ್ಕೆ ತೆರೆಯುವ ಒಂಟಿ ಬಾಗಿಲು, ಎಲ್ಲ ಅಂಗುಲ ಅಂಗುಲ. ಆಮೇಲೆ, ಬಾಗಿಲ ಹೊರಮೈಗೆ ಒಂದು ಕಬ್ಬಿಣದ ಚಿಲಕ ಬೇಕು ಅಂದ.

“ಸ್ವಾಮಿ, ಹೊರಮೈ ವಿಂಗ್ ಕಡೆ, ಪಕ್ಕದ ಪರದೆ ಮರೇಲಿ ಇರುತ್ತೆ. ಪ್ರೇಕ್ಷಕರಿಗೆ ಕಾಣಲ್ಲ. ಚಿಲಕ ಯಾರು ನೋಡ್ತಾರೆ, ಇಲಿಗಳಾ?” ಎಂದು ಬಡಗಿ ನಕ್ಕ.

“ನಂಗೆ ನೆನಪಿರೋ ಹಾಗೆ ನಮ್ಮನೆ ಬಾಗಿಲಿಗೆ ಹೊರಗಡೆ ಚಿಲಕ ಇರಲೇ ಇಲ್ಲ ಅಣ್ಣಾ. ನಾಲ್ಕು ತೂತು ಮಾತ್ರ ಇತ್ತು, ನಾನು ಅದರಲ್ಲಿ ಕಡ್ಡಿ ತುರುಕಿ ಆಡ್ತಿದ್ದೆ” ಎಂದು ಅವಳೂ ಹೇಳಿದಳು.

“ಇತ್ತು. ನಂಗೆ ಗೊತ್ತು. ಹಾಕು ಅಂದ್ರೆ ಹಾಕು” ಎಂದು ಅಣ್ಣ ರೇಗಿದ. ಯಾವ ಸಣ್ಣ ಮಾತಿಗೂ ಅವನು ರೇಗುವವನೇ ಆದ್ದರಿಂದ ಯಾರೂ ಗಮನಿಸಲಿಲ್ಲ. ಬಡಗಿ ಗೊಣಗುತ್ತ ಚಿಲಕ ಹಾಕಿದ.

ಎಲ್ಲ ಅಳತೆಯೂ ನಿಜವಾದದ್ದೇ ಆಗಿಬಂದದ್ದು ಮುಳುವಾಯಿತು. ಮನೆ ನಿಜ, ಒಲೆ ನಿಜ, ದೂರ ನಿಜ. ಸುಳ್ಳಾಗಿದ್ದದ್ದು ಮಗ ಒಬ್ಬನೇ. ತಂದೆಯ ಪಾತ್ರಧಾರಿ ಪಾತ್ರೆ ಎತ್ತಿ, ತಿರುಗಿ, ಬೀಸಲು ಎರಡು ಎಣಿಕೆ ಸಾಕು. ಮಗ ಬಾಗಿಲು ನೂಕಿ, ತೆರೆದ ಬಾಗಿಲನ್ನು ಬಳಸಿ, ಮೇಜನ್ನು ಸುತ್ತಿ ತಾಯಿಯ ಮುಂದೆ ಬರುವುದಕ್ಕೆ ಐದು. ದಿನವೂ ತಾಯಿಯ ಮೇಲೆ ನೀರು ಬಿದ್ದು ಮೂರು ಎಣಿಕೆಯಾದ ಮೇಲೆ ಮಗ ಬಂದು ವೀರನಂತೆ ಕೈ ಎತ್ತುತ್ತಿದ್ದ. ನೀರಿಗೆ ಬದಲು ಚೂರು ಕಾಗದ ತುಂಬಿದ್ದರಿಂದ, ತಲೆಯ ಮೇಲೆಲ್ಲ ಕಾಗದ ಹೊತ್ತ ತಾಯಿ ಪಾತ್ರಧಾರಿಣಿ ನಗು ತಡೆಯಲಾರದೆ ಗೋಡೆಗೆ ಮುಖ ತಿರುಗಿಸುತ್ತಿದ್ದಳು.

ಅಣ್ಣ ಏನೇನೋ ಮಾಡಿ ನೋಡಿದ. ತಂದೆಗೆ ಒಂದು ಉದ್ದ ಮಾತು ಬರೆದುಕೊಟ್ಟ, ಕೋಪದಲ್ಲಿದ್ದವನು ಪಾತ್ರೆ ಹಿಡಿದು ಭಾಷಣ ಮಾಡುವಂತಾಯಿತು. ಮೇಜು ಸರಿಸಿದ, ತಾಯಿಗೆ ನಿಲ್ಲಲು ಜಾಗವಿಲ್ಲದಂತಾಯಿತು. ಕೊನೆಗೆ ಮಗನಾಗಿದ್ದ ನಟನ ಮೇಲೆ ಹರಿಹಾಯತೊಡಗಿದ. ಅವನು ಉದ್ದ ಕಾಲಿನ ಸಾಧು ಮನುಷ್ಯ, ಅದಕ್ಕೇ ಕೊಕ್ಕರೆ ಎಂದು ಹೆಸರು. ಅಷ್ಟುದ್ದ ಕಾಲಿಗೇ ಸಾಧ್ಯವಾಗದ್ದು ಹದಿಮೂರರ ಹುಡುಗನಿಗೆ ಹೇಗೆ ಸಾಧ್ಯವಿತ್ತು ಎಂದು ಅಲ್ಲಿ ಒಬ್ಬರೂ ಬಾಯಿ ಬಿಟ್ಟು ಕೇಳಲಿಲ್ಲ.

ಫೋಟೋ ತೆಗೆಸಿಕೊಂಡ ಆ ದಿನ, ಪ್ರದರ್ಶನಕ್ಕೆ ಮೂರೇ ದಿನ ಉಳಿದಿದ್ದಾಗ, ಕೊಕ್ಕರೆಯೇ ತಲೆ ಕೆರೆದುಕೊಂಡು ಕೇಳಿದ.

“ಸರ್, ಒಂದು ಮಾತು. ನಾನು ಮೊದಲೇ ಈ ಮೇಜಿನ ಮೂಲೇಲಿ ಕೂತಿದ್ರೆ? ಇಲ್ಲಿಂದ ತಾಯಿಗೆ ಒಂದೇ ಹೆಜ್ಜೆ. ಸರಿಯಾಗಿ ಎರಡು ಎಣಿಕೆ.”

ಅವನ ಬೆರಳು ತೋರಿಸಿದ್ದು ಅವಳು ಕೂತಿದ್ದ ಜಾಗವನ್ನೇ. ಅವಳ ಕೈಯಲ್ಲಿದ್ದ ಸೀಮೆಸುಣ್ಣ ಲಟಕ್ಕನೆ ಮುರಿಯಿತು.

“ಇಲ್ಲ!” ಅಣ್ಣ ಮೂರನೇ ಸಾಲಿನ ಕುರ್ಚಿಯಿಂದ ಎದ್ದು ನಿಂತ. “ಮಗ ಬಾಗಿಲಿಂದಲೇ ಬರಬೇಕು. ಬಾಗಿಲಿಂದ ಬರೋದೇ ನಾಟಕ. ಲೆಕ್ಕ ತಪ್ಪಿರೋದು ಇವಳದ್ದು. ಗುರುತೆಲ್ಲ ಅಡ್ಡಾದಿಡ್ಡಿ ಹಾಕಿದ್ದಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

ತಂಡದ ಮುಂದೆ, ಹನ್ನೊಂದು ಜನರ ಮುಂದೆ. ಅವಳಿಗೆ ಮೈಯೆಲ್ಲ ಉರಿಯಿತು.

“ನೆಲ ಅಳೆದವಳು ನಾನು. ನೆಲ ನೆಟ್ಟಗಿದೆ” ಅಂದಳು. “ಡೊಂಕು ಎಲ್ಲಿದೆ ಅಂತ ನಿಂಗೂ ಗೊತ್ತು.”

ಅಣ್ಣ ಅವಳ ರಟ್ಟೆ ಹಿಡಿದು ವೇಷದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. ತಗಡಿನ ಪೆಟ್ಟಿಗೆ, ಮಾಸಿದ ಕನ್ನಡಿ, ಮೊಳೆಗೆ ನೇತುಹಾಕಿದ ತಂದೆಯ ಅಂಗಿ. ಕಾಲರು ಕಂದಿದ ಹಾಗೆ ಬಣ್ಣ ಬಳಿದಿದ್ದರು, ಅಷ್ಟು ಕಾಳಜಿ.

“ಏನೇ ನಿಂದು? ಎಲ್ಲರ ಮುಂದೆ ನನ್ನ ಮಾನ ತೆಗೀಬೇಕಾ?”

“ನೀನು ಅಲ್ಲಿ ಇರಲಿಲ್ಲ ಅಣ್ಣಾ. ನೀರು ಬಿದ್ದಾಗ ನೀನು ಒಳಗೇ ಇರಲಿಲ್ಲ.”

“ನಾಟಕ ಅಂದ್ರೆ ಪೊಲೀಸ್ ದೂರಲ್ಲ, ಆಗಿದ್ದೆಲ್ಲ ಹಾಗಾಗೇ ಬರೆಯೋಕೆ. ಮೂರು ಪಾತ್ರ ಇದ್ರೆ ಬಿಗಿ ಇರುತ್ತೆ. ನಾಲ್ಕನೇದು ಬಂದ್ರೆ ಸಡಿಲ.”

“ಸರಿ, ಹಾಗಾದ್ರೆ ನಿನ್ನನ್ನ ತೆಗೆದುಹಾಕು. ಮಗ ಬೇಡ. ಮೂರೇ ಆಗುತ್ತೆ.”

ಅವನು ಇಷ್ಟು ವರ್ಷ ಜೋಪಾನ ಮಾಡಿಟ್ಟುಕೊಂಡಿದ್ದ ಮಾತನ್ನು ತೆಗೆದ.

“ಆ ಬಾಗಿಲು ತೆಗೆದೋನು ಯಾರೇ? ನಾನಲ್ವಾ? ನಾನು ತೆಗೀದೇ ಇದ್ದಿದ್ರೆ ನೀನೆಲ್ಲಿರ್ತಿದ್ದೆ, ಅಮ್ಮ ಎಲ್ಲಿರ್ತಿದ್ದಳು? ಒಂದು ಕೈ ಕಲೆಗೆ ಇಷ್ಟು ಹಾರಾಡ್ತೀಯ.”

ಆ ಮಾತಿಗೆ ಅವಳು ಯಾವತ್ತೂ ಸೋತವಳೇ. ಅವಳು ಅವನನ್ನು ದಾಟಿಕೊಂಡು ಹೊರಗೆ ಬಂದಳು, ಪುಸ್ತಕ ತೆಗೆದುಕೊಂಡಳು, ಮಗನ ಹೆಜ್ಜೆಗಳ ಪುಟವನ್ನು ಒಂಬತ್ತನೆಯ ಸಲ ಅಳಿಸಿದಳು. ಕಾಗದ ಅಲ್ಲಿ ತೂತಾಯಿತು.

ಮಾರನೆಯ ದಿನ ಮಧ್ಯಾಹ್ನ ಮತ್ತೆ ಅದೇ ದೃಶ್ಯ. ತಂದೆ ಬೀಸಿದ, ಕಾಗದ ಸುರಿಯಿತು, ಕೊಕ್ಕರೆ ತಡವಾಗಿ ಬಂದ. ಎರಡನೇ ಸಲ, ಮೂರನೇ ಸಲ. ನಾಲ್ಕನೇ ಸಲ ಅವಸರಕ್ಕೆ ಮೇಜಿನ ಕಾಲಿಗೆ ತಗುಲಿ ಮುಗ್ಗರಿಸಿ ಬಿದ್ದ.

“ಒಳಗೆ ಅಮ್ಮ ಸಾಯ್ತಿದ್ದಾಳೆ, ನೀನು ಮದುವೆ ಮನೆಗೆ ಬಂದ ಹಾಗೆ ಬರ್ತೀಯಲ್ಲೋ!” ಎಂದು ಅಣ್ಣ ಕಿರುಚಿದ. “ಅಷ್ಟೂ ಗೊತ್ತಾಗಲ್ವಾ? ಮೈಯಲ್ಲಿ ರಕ್ತ ಇಲ್ವಾ?”

ಕೊಕ್ಕರೆ ಮೊಣಕಾಲು ನೀವಿಕೊಳ್ಳುತ್ತ ಎದ್ದ. ಸಾಧು ಮನುಷ್ಯರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. “ನಂಗೆ ಬರ್ತಿಲ್ಲ ಸರ್. ನೀವೇ ಒಂದು ಸಲ ತೋರಿಸಿಬಿಡಿ.”

“ತೋರಿಸ್ತೀನಿ ಬಾ.”

ಅಣ್ಣ ರಂಗ ಹತ್ತಿ ವಿಂಗ್ ಕಡೆಯಿಂದ ಬಾಗಿಲ ಹಿಂದಕ್ಕೆ ಹೋದ. ನೋಡಿ ಕಲಿಯಲು ಕೊಕ್ಕರೆಯೂ ಅವನ ಪಕ್ಕ ಹೋಗಿ ನಿಂತ. ಆಗ ಅವಳು ಪುಸ್ತಕ ಕೆಳಗಿಟ್ಟಳು. ಮೇಜಿನ ಮೂಲೆಯಲ್ಲಿ ಸುಣ್ಣದಿಂದ ಒಂದು ಗುಣಿಸು ಗುರುತು ಹಾಕಿ ಅದರ ಮೇಲೆ ಹೋಗಿ ಕೂತಳು.

“ನೀವು ಯಾಕಮ್ಮ ಅಲ್ಲಿ?” ಎಂದು ತಂದೆಯ ಪಾತ್ರಧಾರಿ ಕೇಳಿದ. ಅರವತ್ತು ದಾಟಿದ, ಗುಡುಗಿನಂಥ ಗಂಟಲಿನ, ಇರುವೆಯನ್ನೂ ತುಳಿಯದ ಮನುಷ್ಯ. ಎಲ್ಲರೂ ಅವನನ್ನು ಗುಡುಗು ಎಂದೇ ಕರೆಯುವುದು.

“ಜಾಗ ಖಾಲಿ ಇತ್ತು, ಕೂತೆ. ನೀವು ಭಾಷಣ ಬಿಟ್ಬಿಡಿ. ಹಳೇ ಮಾತು ಒಂದೇ ಹೇಳಿ, ನಿಜವಾಗಿ ಕೂಗಿ. ನಿಮ್ಮ ವೇಗದಲ್ಲಿ ಬೀಸಿ. ನಿಧಾನ ಮಾಡ್ಬೇಡಿ.”

ಗುಡುಗು ಅವಳ ಮುಖ ನೋಡಿದ. ಏನು ಕಂಡನೋ, ಒಲೆಯ ಬಳಿ ಹೋಗಿ ಉಸಿರು ತುಂಬಿಕೊಂಡು ಕೂಗಿದ.

“ಎಲ್ಲರನ್ನೂ ಸುಟ್ಟುಹಾಕ್ತೀನಿ!”

ಸಭಾಂಗಣದ ಖಾಲಿ ಕುರ್ಚಿಗಳೂ ಬೆಚ್ಚಿದವು. ಒಂದು. ಪಾತ್ರೆ ಎದ್ದಿತು. ಅವಳು ಎದ್ದಳು, ಒಂದು ಹೆಜ್ಜೆ, ಎಡಗೈ. ಎರಡು. ಕಾಗದದ ಚೂರುಗಳು ಕಲೆಯ ಮೇಲೆ ಉದುರಿದವು. ಅದೇ ಹೊತ್ತಿಗೆ ಬಾಗಿಲ ಆಚೆಯಿಂದ ಒಂದು ಸದ್ದು ಬಂತು. ಟಕ್ ಎಂದು, ಚಿಕ್ಕದು, ಕಬ್ಬಿಣದ್ದು.

ಆ ಸದ್ದು ಅವಳಿಗೆ ಗೊತ್ತಿತ್ತು. ಮೂವತ್ತೈದು ವರ್ಷ ಅದನ್ನು ಪಾತ್ರೆಯ ಕಂಠ ಒಲೆಗೆ ತಗುಲಿದ ಸದ್ದು ಎಂದುಕೊಂಡಿದ್ದಳು.

ತಾಯಿಯಾಗಿದ್ದವಳ ಕೈ ಹಿಡಿದು ಬಾಗಿಲಿಗೆ ಓಡಿ ಹಿಡಿ ಎಳೆದಳು. ಬಾಗಿಲು ಬರಲಿಲ್ಲ. ಇನ್ನೊಮ್ಮೆ ಎಳೆದಳು. ಬರಲಿಲ್ಲ. ನಿನ್ನೆ ಮೊನ್ನೆ ಎಣ್ಣೆ ಹಾಕಿದ, ಬೆರಳಲ್ಲಿ ನೂಕಿದರೆ ಸರಿಯುವ, ಹೊಸ ಹಲಗೆಯ ಬಾಗಿಲು.

ಆಚೆಯಿಂದ ಕೊಕ್ಕರೆಯ ದನಿ ಕೇಳಿಸಿತು. ಏನೂ ಅರಿಯದವನ ದನಿ. “ಸರ್, ಚಿಲಕ ಯಾಕೆ ಹಾಕಿದ್ರಿ?”

ಅವಳ ತಲೆಯೊಳಗೆ ಸಂಗತಿಗಳು ಒಂದೊಂದೇ ಎದ್ದು ಬಂದು ತಂತಮ್ಮ ಗುರುತಿನ ಮೇಲೆ ನಿಂತವು. ಬಾಗಿಲು ಬಿಗಿಯಾಗಿರಲಿಲ್ಲ. ಹೊರಗೆ ಚಿಲಕ ಇತ್ತು. ಇವನು ಹಾಕಿದ್ದ. ಆಮೇಲೆ ಅಮ್ಮ ಅದನ್ನು ಕೀಳಿಸಿಹಾಕಿದಳು, ಉಳಿದದ್ದು ನಾಲ್ಕು ತೂತು. ಅಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ, ಒಂದು ಕಿವಿ ಕಳೆದುಕೊಂಡೂ, ಬಾಗಿಲೇ ಬಿಗಿ ಎಂದು ಮಗನನ್ನು ಕಾಯ್ದಳು. ಇವಳು ಆ ತೂತುಗಳಲ್ಲಿ ಕಡ್ಡಿ ತುರುಕಿ ಆಡಿದಳು.

“ತೆಗಿ” ಅಂದಳು.

ಚಿಲಕ ಸರಿದು ಬಾಗಿಲು ತೆರೆದುಕೊಂಡಿತು. ಅಣ್ಣ ಹೊಸ್ತಿಲ ಆಚೆ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು, ಕೈ ಇನ್ನೂ ಚಿಲಕದ ಮೇಲೇ ಇತ್ತು. ಇಷ್ಟು ದಿನ ಆ ಕೂಗನ್ನು ಅವನು ಕುರ್ಚಿಯಲ್ಲಿ ಕೂತು ಕೇಳಿದ್ದ. ಬಾಗಿಲ ಹಿಂದೆ ನಿಂತು ಕೇಳಿದ್ದು ಎರಡೇ ಸಲ, ಹದಿಮೂರರಲ್ಲಿ ಒಮ್ಮೆ, ಇವತ್ತು ಒಮ್ಮೆ.

“ಅದು... ಕೈ ತಾನಾಗೇ...”

“ಹೌದು. ನಿನಗಿಂತ ನಿನ್ನ ಕೈ ವಾಸಿ. ಸುಳ್ಳು ಹೇಳಲ್ಲ.”

“ಅಪ್ಪ ಹೊರಗೆ ಬಂದುಬಿಡ್ತಾನೆ ಅಂತ ಹೆದರಿದೆ ಕಣೇ. ನಂಗಾಗ ಹದಿಮೂರು ವರ್ಷ.”

“ನಂಗೆ ಒಂಬತ್ತು.”

ಅವನು ಕನ್ನಡಕ ತೆಗೆದ, ಒರೆಸಲಿಲ್ಲ.

“ಹೆದರಿದ್ದಕ್ಕೆ ನಾನೇನೂ ಅನ್ನಲ್ಲ. ಮಕ್ಕಳು ಹೆದರ್ತವೆ. ಆಮೇಲೆ ಒದ್ದು ತೆಗೆದ ಹಾಗೆ ನಾಟಕ ಆಡಿದೆಯಲ್ಲ, ಅದು ನಿನ್ನ ಮೊದಲನೇ ನಾಟಕ. ನೆಂಟರೆಲ್ಲ ಬೆನ್ನು ತಟ್ಟುವಾಗ ತಟ್ಟಿಸಿಕೊಂಡೆ. ಬಾಗಿಲು ತೆಗೆದೋನು ಅಂತ ನಾನು ಇಪ್ಪತ್ತೆರಡು ವರ್ಷ ನಿನ್ನ ಚಾಕರಿ ಮಾಡಿದೆ, ನೀನು ಮಾಡಿಸಿಕೊಂಡೆ. ನಿನ್ನೆ ಕೂಡ ಅದನ್ನೇ ಎತ್ತಿ ನನ್ನ ಬಾಯಿ ಮುಚ್ಚಿಸಿದೆ. ನಾಚಿಕೆ ಆಗಲಿಲ್ವಲ್ಲೋ ನಿಂಗೆ! ನನ್ನ ಜಾಗ ತಗೊಂಡೆ, ಸಾಲಲಿಲ್ಲ. ನನ್ನ ಕಲೆ ಬೇಕಾಯ್ತು. ಇನ್ನೇನು ಉಳಿದಿದೆ, ಚರ್ಮ ಸುಲ್ಕೊಂಡು ಹೋಗು!”

ಕೊನೆಯ ಮಾತಿಗೆ ಅವಳ ಗಂಟಲು ಗುಡುಗಿನ ಗಂಟಲನ್ನೂ ಮೀರಿಸಿತು. ಮೇಕಪ್ಪಿನ ಹೆಂಗಸು ಕೈಯಲ್ಲಿದ್ದ ಫೋನನ್ನು ಮೆಲ್ಲಗೆ ಸೆರಗಿನೊಳಗೆ ಸರಿಸಿಕೊಂಡಳು. ಅಣ್ಣ ಹೊಸ್ತಿಲ ಮೇಲೇ ಕುಸಿದು ಕೂತ. ಯಾರೂ ನೀರು ತಂದುಕೊಡಲಿಲ್ಲ.

ಅವನು ತಲೆ ಎತ್ತದೆ, “ಶೋ ನಿಲ್ಲಿಸಿಬಿಡೋಣ” ಅಂದ.

“ಯಾಕೆ ನಿಲ್ಲಿಸ್ಬೇಕು? ಟಿಕೆಟ್ ತಗೊಂಡೋರು ಬರ್ತಾರೆ. ಬಡಗೀನ ಕರೀರಿ. ಬಾಗಿಲ ಗೋಡೆ ಓರೆಯಾಗಿ ತಿರುಗಿಸಿದ್ರೆ ಎರಡೂ ಮೈ ಪ್ರೇಕ್ಷಕರಿಗೆ ಕಾಣುತ್ತೆ. ಚಿಲಕ ಚೆನ್ನಾಗಿ ಕಾಣಬೇಕು.” ಅವಳು ಪುಸ್ತಕ ಎತ್ತಿಕೊಂಡು ತೂತಾದ ಪುಟ ಹರಿದುಹಾಕಿ ಹೊಸ ಪುಟ ತೆರೆದಳು. “ಮೇಜಿನ ಮೂಲೇಲಿ ಮಗಳು. ಎರಡು ಎಣಿಕೆ, ಒಂದು ಹೆಜ್ಜೆ, ಎಡಗೈ.”

“ಎರಡು ದಿನದಲ್ಲಿ ಮಗಳ ಪಾತ್ರಕ್ಕೆ ಯಾರನ್ನ ಹುಡುಕ್ತೀರಾ?” ಎಂದು ತಾಯಿ ಪಾತ್ರಧಾರಿಣಿ ಕೇಳಿದಳು.

“ನಾನೇ.”

ಮೇಕಪ್ಪಿನವಳು ಅಳುಕುತ್ತ ಬಾಯಿ ಹಾಕಿದಳು. “ಅಕ್ಕಾ, ನೀರು ಬೀಳೋಕೆ ಮೊದಲೇ ಕೈಯಲ್ಲಿ ಕಲೆ ಇರುತ್ತಲ್ಲ? ಮುಚ್ಚಿಬಿಡ್ಲಾ?”

“ಬೇಡ. ಇರ್ಲಿ. ಕಂಡೋರು ಕೇಳ್ಲಿ.”

ಕೊಕ್ಕರೆ ಇನ್ನೂ ಬಾಗಿಲ ಆಚೆ ನಿಂತಿದ್ದ. ಯಾರಿಗೆ ಏನಾದರೂ ನಟನಿಗೆ ತನ್ನ ಹೆಜ್ಜೆಯ ಚಿಂತೆ. “ನಾನು ಚಿಲಕ ಹಾಕ್ತೀನಿ. ಸರಿ. ಹಾಕಿದ ಮೇಲೆ ಏನು ಮಾಡ್ಲಿ ಅಕ್ಕಾ? ಎಷ್ಟು ಹೊತ್ತು ನಿಲ್ಲಲಿ?”

ಪೆನ್ಸಿಲು ಪುಟದ ಮೇಲೆ ನಿಂತಿತು. ಎಲ್ಲರ ಹೆಜ್ಜೆ ಅವಳಿಗೆ ಗೊತ್ತಿತ್ತು, ಅಪ್ಪನದು, ಅಮ್ಮನದು, ತನ್ನದು. ಅದೊಂದು ಮಾತ್ರ ಗೊತ್ತಿರಲಿಲ್ಲ.

“ಅವನನ್ನ ಕೇಳು. ಅಲ್ಲಿದ್ದೋನು ಅವನು.”

ಅಣ್ಣ ನೆಲದ ಟೇಪನ್ನು ಉಗುರಿನಿಂದ ಕೆರೆದ. ಆಮೇಲೆ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣ ದನಿಯಲ್ಲಿ ಹೇಳಿದ. “ಕಿವಿ ಮುಚ್ಕೊಂಡು ಎಣಿಸಿದೆ. ನೂರು ಎಣಿಸೋದ್ರೊಳಗೆ ಅಪ್ಪನ ಕೋಪ ಇಳಿಯುತ್ತೆ ಅಂತ ಅಮ್ಮ ಹೇಳ್ತಿದ್ದಳಲ್ಲ. ನೂರಾದ ಮೇಲೆ ತೆಗೆದೆ.”

ನೂರು ಎಣಿಕೆ ಎಂದರೆ ಎಷ್ಟೆಂದು ಆ ಕಟ್ಟಡದಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ. ನೂರು ಎಣಿಕೆಯಲ್ಲಿ ಒಬ್ಬ ನಟ ಈ ರಂಗವನ್ನು ಹತ್ತು ಸಲ ಸುತ್ತಬಹುದು. ಒಂದು ಕೈ ಬೊಬ್ಬೆ ಏಳಬಹುದು. ಒಂದು ಕಿವಿ ಹೋಗಬಹುದು.

ಪುಟದಲ್ಲಿ ಬರೆದಳು: ಮಗ, ಬಾಗಿಲ ಹೊರಗೆ. ಚಿಲಕ. ಎರಡೂ ಕಿವಿ ಮುಚ್ಚಿ. ನೂರು.

“ಎಲ್ಲರೂ ಜಾಗಕ್ಕೆ ಬನ್ನಿ” ಅಂದಳು. “ಮೊದಲಿಂದ ಮಾಡೋಣ. ನೀರು ಬಿದ್ದ ಮೇಲೆ ನಾನು ಎಣಿಸ್ತೀನಿ. ಗುಡುಗಪ್ಪನೋರೇ, ಮೂವತ್ತಕ್ಕೆ ಪಾತ್ರೆ ಎತ್ತಿ ಹೊಡೀಬೇಕು, ನಲವತ್ತೈದಕ್ಕೆ ಮತ್ತೆ. ಕೊಕ್ಕರೆ, ನೂರಾಗೋ ತನಕ ಕದಲಬೇಡ. ಅಣ್ಣಾ, ನೀನು ನಿನ್ನ ಕುರ್ಚಿಗೆ ಹೋಗು. ಕಿವಿ ಮುಚ್ಕೋಬೇಡ.”

ಅಣ್ಣ ಎದ್ದು ಹೋಗಿ ಮೂರನೇ ಸಾಲಿನಲ್ಲಿ ಕೂತ. ಗುಡುಗು ಕೂಗಿದ, ಕಾಗದ ಸುರಿಯಿತು, ಚಿಲಕ ಬಿತ್ತು. ಅವಳು ಬಾಗಿಲ ಹಿಡಿ ಹಿಡಿದುಕೊಂಡು, ಅಣ್ಣನ ಮುಖದಿಂದ ಕಣ್ಣು ಕೀಳದೆ, ಒಂದು ಎಂದಳು. ಎರಡು ಎಂದಳು. ನಲವತ್ತಕ್ಕೆ ಅವನು ಸಾಕು ಎನ್ನುವಂತೆ ಕೈ ಎತ್ತಿದ. ಅವಳು ನಲವತ್ತೊಂದು ಎಂದಳು. ನೂರರವರೆಗೂ ಎಣಿಸಿದಳು, ಒಂದನ್ನೂ ಬಿಡಲಿಲ್ಲ.